ಕಟ್ಟಿಸಿದ ಹಲ್ಲು, ರಾತ್ರಿಯ ಲೋಟ: ತೊಳೆಯುವುದಕ್ಕೂ ಒಂದು ಇತಿಹಾಸವಿದೆ



ರೇಡಿಯೋದವರಿಗೆ ಹಲ್ಲಿನ ಮೇಲೆ ಸ್ವಲ್ಪ ಹೆಚ್ಚೇ ಮರ್ಯಾದೆ. ಮೈಕಿನ ಮುಂದೆ ಕೂತವರ ಮುಖ ನಿಮಗೆ ಕಾಣುವುದಿಲ್ಲ, ಬಟ್ಟೆ ಕಾಣುವುದಿಲ್ಲ. ಆದರೆ ಹಲ್ಲು ಮಾತ್ರ ಕೇಳಿಸುತ್ತದೆ! ಶಾಲೆಯಲ್ಲಿ ಕಲಿತ ವರ್ಣಮಾಲೆಯನ್ನು ನೆನಪು ಮಾಡಿಕೊಳ್ಳಿ. ತ, ಥ, ದ, ಧ, ನ ಇವು ದಂತ್ಯಗಳು. ನಾಲಿಗೆಯ ತುದಿ ಮೇಲಿನ ಹಲ್ಲಿಗೆ ತಾಗಿದರೇನೇ ಇವು ನೆಟ್ಟಗೆ ಹುಟ್ಟುತ್ತವೆ. ಲ, ಸ ಗಳನ್ನೂ ವೈಯಾಕರಣರು ಇದೇ ಗುಂಪಿಗೆ ಸೇರಿಸಿದ್ದಾರೆ. ‘ವ’ಕಾರಕ್ಕೆ ಹಲ್ಲೂ ಬೇಕು, ತುಟಿಯೂ ಬೇಕು. ಹಾಗಾಗಿ ಅದು ದಂತ್ಯೋಷ್ಠ್ಯ. ಹಲ್ಲು ಹೋಯಿತೆಂದರೆ ಕಡಲೆ, ಚಕ್ಕುಲಿ ಮಾತ್ರವಲ್ಲ, ವರ್ಣಮಾಲೆಯ ಒಂದು ಸಾಲೇ ಕೈಬಿಟ್ಟಂತೆ.

ಇದನ್ನು ಚೆನ್ನಾಗಿ ಅರಿತಿದ್ದವರು ಇಂಗ್ಲೆಂಡಿನ ಪ್ರಧಾನಿ ವಿನ್‌ಸ್ಟನ್ ಚರ್ಚಿಲ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರ ರೇಡಿಯೋ ಭಾಷಣಗಳನ್ನು ಜಗತ್ತೇ ಕೇಳುತ್ತಿತ್ತು. ಅವರ ಮೇಲಿನ ಹಲ್ಲುಗಳು ಕಟ್ಟಿಸಿದವು. ‘ಸ’ಕಾರ ಸ್ವಲ್ಪ ಎಳೆದಂತೆ ಬರುವ ತಮ್ಮ ಸಹಜ ಉಚ್ಚಾರಣೆ ಕೆಡಬಾರದೆಂದು ಅವರಿಗಾಗಿ ವಿಶೇಷವಾಗಿ ಹೊಂದಿಸಿದ ಸೆಟ್ಟುಗಳನ್ನು ಮಾಡಲಾಗಿತ್ತು. ಅದರಲ್ಲೊಂದು ಲಂಡನ್ನಿನ ಹಂಟೇರಿಯನ್ ವಸ್ತುಸಂಗ್ರಹಾಲಯದಲ್ಲಿದೆ.

ನಮ್ಮವರು ಇದಕ್ಕೆ ಚಂದದ ಮಾತು ಕಂಡುಕೊಂಡಿದ್ದಾರೆ: ‘ಹಲ್ಲು ಕಟ್ಟಿಸಿಕೊಳ್ಳುವುದು’. ಮನೆ ಕಟ್ಟಿಸಿದ ಹಾಗೆ! ಮಹಾರಾಷ್ಟ್ರದ ನೆರೆಯವರು ‘ಕವಳಿ’ ಎನ್ನುತ್ತಾರೆ, ಹಿಂದಿಯವರು ‘ಬತ್ತೀಸಿ’ ಎನ್ನುತ್ತಾರೆ. ಆಡುಮಾತಿನಲ್ಲಿ ಎಲ್ಲರಿಗೂ ಅದು ‘ಸೆಟ್ಟು’. ಮನೆ ಕಟ್ಟಿಸಿದರೆ ಸಾಲದು, ದಿನಾ ಗುಡಿಸಿ ಒರೆಸಬೇಕು. ಹಲ್ಲಿಗೂ ಅದೇ ಮಾತು. ಸೆಟ್ಟಿನ ಇತಿಹಾಸವನ್ನು ಓದುತ್ತಾ ಹೋದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಇದು ಹಲ್ಲು ಕಟ್ಟಿದವರ ಕಥೆಯಷ್ಟೇ ಅಲ್ಲ, ಕಟ್ಟಿದ್ದನ್ನು ತೊಳೆಯಲು ಪರದಾಡಿದವರ ಕಥೆಯೂ ಹೌದು.

ವಾಸನೆಯಿಂದ ಹುಟ್ಟಿದ ಪಿಂಗಾಣಿ

ಕ್ರಿಸ್ತಪೂರ್ವ ಏಳನೆಯ ಶತಮಾನದ ಹೊತ್ತಿಗೇ ಇಟಲಿಯ ಎಟ್ರುಸ್ಕನ್ನರು ಚಿನ್ನದ ಪಟ್ಟಿಯಲ್ಲಿ ಹಲ್ಲು ಕೂರಿಸಿ ಬಾಯಿಗೆ ಕಟ್ಟುತ್ತಿದ್ದರು. ಜಪಾನಿನಲ್ಲಿ ಗಟ್ಟಿ ಮರವನ್ನು ಕೊರೆದು ಸೆಟ್ಟು ಮಾಡುವ ಕುಶಲಿಗಳಿದ್ದರು. 1538ರಲ್ಲಿ ತೀರಿಕೊಂಡ ಒಬ್ಬ ಬೌದ್ಧ ಸನ್ಯಾಸಿನಿಯ ಮರದ ಸೆಟ್ಟು ಅಲ್ಲಿನ ವಕಾಯಾಮಾ ಪ್ರಾಂತದಲ್ಲಿ ಈಗಲೂ ಉಳಿದಿದೆ.

ಯೂರೋಪಿನ ಶ್ರೀಮಂತರು ಮಾತ್ರ ದಂತವನ್ನೇ ನೆಚ್ಚಿದ್ದರು. ಆನೆಯ ದಂತ, ನೀರಾನೆಯ ದಂತ. ನೋಡಲು ಬೆಳ್ಳಗೆ, ಕೊರೆಯಲು ಸುಲಭ. ಆದರೆ ಅದೂ ಮೂಳೆಯ ಬಂಧುವೇ ತಾನೇ? ಬಾಯಿಯ ಜೊಲ್ಲು ಕುಡಿದು, ಊಟದ ರಸ ಕುಡಿದು, ಕ್ರಮೇಣ ಕೊಳೆತು ನಾರತೊಡಗುತ್ತಿತ್ತು. ಬೀಸಣಿಗೆ ಅಡ್ಡ ಹಿಡಿದು ಮಾತಾಡುವುದೊಂದೇ ಉಳಿದ ಉಪಾಯ.

1770ರ ದಶಕದಲ್ಲಿ ಪ್ಯಾರಿಸ್ ಬಳಿಯ ಅಲೆಕ್ಸಿ ಡುಶಾತೋ ಎಂಬ ಔಷಧ ವ್ಯಾಪಾರಿಗೆ ಈ ನಾತ ಸಾಕಾಗಿಹೋಯಿತು. ಔಷಧ ರುಚಿ ನೋಡುವುದು ಅವನ ಕಸುಬಿನ ಭಾಗ. ಅಂಗಡಿಯ ಮದ್ದಿನ ವಾಸನೆಯೆಲ್ಲ ಅವನ ದಂತದ ಸೆಟ್ಟಿಗೆ ಹತ್ತಿ ಕೂತಿತ್ತು. ಮದ್ದು ಅರೆಯುವ ಪಿಂಗಾಣಿ ಪಾತ್ರೆಗಳಿಗೆ ಮಾತ್ರ ವಾಸನೆ ಹತ್ತುತ್ತಿರಲಿಲ್ಲ. ಹಾಗಾದರೆ ಹಲ್ಲನ್ನೇ ಪಿಂಗಾಣಿಯಲ್ಲಿ ಯಾಕೆ ಮಾಡಬಾರದು? ದಂತವೈದ್ಯ ದುಬ್ವಾ ದ ಶೆಮಾನನ ನೆರವಿನಿಂದ ಅದು ಕೈಗೂಡಿತು. ಮುಂದೆ ದುಬ್ವಾ ದ ಶೆಮಾನ ಅದನ್ನು ತನ್ನದೆಂದು ಪ್ರಚಾರ ಮಾಡಿ 1791ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟನ್ನೂ ಪಡೆದುಕೊಂಡ. ನೋಡಿ, ಪಿಂಗಾಣಿ ಹಲ್ಲು ಹುಟ್ಟಿದ್ದು ಅಂದಕ್ಕಾಗಿ ಅಲ್ಲ, ತೊಳೆದರೆ ಶುಚಿಯಾಗಲಿ ಎಂಬ ಆಸೆಯಿಂದ.

ಅಧ್ಯಕ್ಷರಿಗೆ ಬಂದ ಬುದ್ಧಿಮಾತು

ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಮರದ ಹಲ್ಲು ಹಾಕುತ್ತಿದ್ದರು ಎಂಬ ಮಾತನ್ನು ನೀವು ಕೇಳಿರಬಹುದು. ಅದು ಕಟ್ಟುಕತೆ. ಅವರ ಸೆಟ್ಟುಗಳಲ್ಲಿ ಇದ್ದದ್ದು ನೀರಾನೆಯ ದಂತ, ಮನುಷ್ಯರ ಹಲ್ಲು, ಲೋಹ. 1789ರಲ್ಲಿ ಅಧಿಕಾರ ವಹಿಸಿಕೊಳ್ಳುವಾಗ ಅವರ ಬಾಯಿಯಲ್ಲಿ ಸ್ವಂತದ್ದೆಂದು ಉಳಿದಿದ್ದದ್ದು ಒಂದೇ ಒಂದು ಹಲ್ಲು.

1798ರ ಡಿಸೆಂಬರಿನಲ್ಲಿ ಅವರ ದಂತವೈದ್ಯ ಜಾನ್ ಗ್ರೀನ್‌ವುಡ್ ಅವರಿಗೆ ಒಂದು ಪತ್ರ ಬರೆದ. ರಿಪೇರಿಗೆ ಬಂದ ಸೆಟ್ಟು ಕಪ್ಪಾಗಿತ್ತು. ಪೋರ್ಟ್ ವೈನಿನಲ್ಲಿ ನೆನೆಸಿಟ್ಟದ್ದರಿಂದಲೋ ಅದನ್ನು ಕುಡಿದದ್ದರಿಂದಲೋ ಹೀಗಾಗಿದೆ, ಅದರ ಹುಳಿ ಹೊಳಪನ್ನೆಲ್ಲ ತಿಂದುಹಾಕುತ್ತದೆ ಎಂದು ಆತ ನೇರವಾಗಿಯೇ ಹೇಳಿದ. ಊಟವಾದ ಮೇಲೆ ಸೆಟ್ಟನ್ನು ತೆಗೆದು ಶುದ್ಧ ನೀರಿನಲ್ಲಿಡಿ, ಬೇರೊಂದನ್ನು ಹಾಕಿಕೊಳ್ಳಿ, ಇಲ್ಲವೇ ನುಣ್ಣಗೆ ಕೆರೆದ ಸೀಮೆಸುಣ್ಣ ಹಚ್ಚಿ ಬ್ರಷ್ಷಿನಿಂದ ಉಜ್ಜಿ ಎಂಬುದು ಅವನ ಸಲಹೆ. ಒಂದು ದೇಶವನ್ನೇ ಕಟ್ಟಿದ ಮನುಷ್ಯ, ಆದರೂ ಹಲ್ಲಿನ ಸೆಟ್ಟು ತೊಳೆಯುವುದನ್ನು ಇನ್ನೊಬ್ಬರಿಂದ ಹೇಳಿಸಿಕೊಳ್ಳಬೇಕಾಯಿತು! ಸೀಮೆಸುಣ್ಣವನ್ನು ಬಿಟ್ಟರೆ, ಊಟದ ಮೇಲೆ ತೆಗೆ, ನೀರಿನಲ್ಲಿಡು, ಬ್ರಷ್ ಹಾಕು ಎಂಬ ಅವನ ಮಾತು ಇವತ್ತಿಗೂ ಹಳೆಯದಾಗಿಲ್ಲ.

ರಬ್ಬರಿನಿಂದ ಗುಲಾಬಿ ಬಣ್ಣಕ್ಕೆ

1815ರ ವಾಟರ್ಲೂ ಯುದ್ಧದ ಮೇಲೆ ಸತ್ತ ಸೈನಿಕರ ಬಾಯಿಂದ ಕಿತ್ತ ಹಲ್ಲುಗಳು ಶ್ರೀಮಂತರ ಸೆಟ್ಟುಗಳಿಗೆ ಸೇರಿದವು. ಅಂಥವನ್ನು ‘ವಾಟರ್ಲೂ ಹಲ್ಲು’ ಎಂದೇ ಕರೆಯುತ್ತಿದ್ದರು. ಬಡವರಿಗೆ ಮಾತ್ರ ಬೊಚ್ಚುಬಾಯಿಯೇ ಗತಿಯಾಗಿತ್ತು. ಇದನ್ನು ಬದಲಿಸಿದ್ದು ರಬ್ಬರು. ಗಂಧಕ ಸೇರಿಸಿ ಕಾಯಿಸಿ ಗಟ್ಟಿ ಮಾಡಿದ ರಬ್ಬರಿನಿಂದ 1850ರ ದಶಕದಲ್ಲಿ ಸೆಟ್ಟಿನ ಅಡಿಭಾಗ ತಯಾರಾಗತೊಡಗಿತು. ಅಗ್ಗ, ಹಗುರ, ಬಾಯಿಗೆ ಸರಿಯಾಗಿ ಕೂರುತ್ತಿತ್ತು. ಆದರೆ ಪೇಟೆಂಟ್ ಹಿಡಿದ ಅಮೆರಿಕದ ಕಂಪೆನಿ ಪ್ರತಿ ದಂತವೈದ್ಯನಿಂದಲೂ ಹಣ ವಸೂಲು ಮಾಡುತ್ತಿತ್ತು. ಕಾಟ ತಡೆಯಲಾರದೆ 1879ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಬ್ಬ ದಂತವೈದ್ಯ ಆ ಕಂಪೆನಿಯ ಖಜಾಂಚಿಯನ್ನು ಗುಂಡಿಟ್ಟು ಕೊಂದದ್ದೂ ಉಂಟು!

ರಬ್ಬರಿನ ಬಣ್ಣ ಮಂಕು, ಅದಕ್ಕೆ ಬೇಗ ವಾಸನೆ ಹತ್ತುತ್ತಿತ್ತು. 1930ರ ದಶಕದ ಕೊನೆಗೆ ಆಕ್ರಿಲಿಕ್ ಬಂತು. ಒಂದು ಪುಡಿ, ಒಂದು ದ್ರವ. ಕಲಸಿ, ಅಚ್ಚಿಗೆ ತುಂಬಿ, ಬಿಸಿನೀರಿನಲ್ಲಿ ಬೇಯಿಸಿದರೆ ವಸಡಿನದೇ ಗುಲಾಬಿ ಬಣ್ಣದ ಗಟ್ಟಿ ಪ್ಲಾಸ್ಟಿಕ್. ಇಂದು ನಮ್ಮ ಹಿರಿಯರ ಬಾಯಿಯಲ್ಲಿರುವ ಹೆಚ್ಚಿನ ಸೆಟ್ಟುಗಳು ಇದರದ್ದೇ.

ಈ ಗುಲಾಬಿ ಪುಡಿಗೂ ಮುಂಬಯಿಗೂ ಒಂದು ನಂಟಿದೆ. ದೇಶದ ದಂತ ಲ್ಯಾಬುಗಳಲ್ಲಿ ಬಹಳವಾಗಿ ಬಳಕೆಯಾಗಿರುವ ‘ಡಿ.ಪಿ.ಐ.’ ಹೆಸರಿನ ಆಕ್ರಿಲಿಕ್ ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್ನಿನದು. 1863ರಲ್ಲಿ ಬರ್ಮಾದ ತೇಗದ ವ್ಯಾಪಾರಕ್ಕೆಂದು ಹುಟ್ಟಿದ ಕಂಪೆನಿ ಇದು. ಇದಕ್ಕೂ ಬರ್ಮಾದ ದೊರೆ ಥೀಬಾನಿಗೂ ನಡೆದ ಜಗಳವೇ 1885ರ ಯುದ್ಧಕ್ಕೆ ನೆಪವಾಯಿತು. ಸೋತ ದೊರೆಯನ್ನು ಬ್ರಿಟಿಷರು ತಂದು ಇಟ್ಟದ್ದು ರತ್ನಾಗಿರಿಯಲ್ಲಿ. ನಾವು ಕೊಂಕಣ ರೈಲಿನಲ್ಲಿ ಊರಿಗೆ ಹೋಗುವಾಗ ಸಿಗುವ ಅದೇ ರತ್ನಾಗಿರಿ. ತೇಗದ ಮರದಿಂದ ಅಜ್ಜಿಯ ಹಲ್ಲಿನವರೆಗೆ, ವ್ಯಾಪಾರದ ದಾರಿ ಎಲ್ಲಿಂದೆಲ್ಲಿಗೆ ಹೋಗುತ್ತದೆ ನೋಡಿ!

ಮುಂಬಯಿಯಲ್ಲಿ ಹಲ್ಲು ಕಟ್ಟುವವರು

ನಮ್ಮ ದೇಶದಲ್ಲಿ ದಂತವೈದ್ಯ ವಿದ್ಯೆಗೆ ಅಡಿಪಾಯ ಹಾಕಿದವರು ಡಾ. ರಫೀಉದ್ದೀನ್ ಅಹ್ಮದ್. ಅಮೆರಿಕದಲ್ಲಿ ಕಲಿತು ಬಂದು 1920ರಲ್ಲಿ ಕಲ್ಕತ್ತೆಯಲ್ಲಿ ಮೊದಲ ದಂತವೈದ್ಯ ಕಾಲೇಜು ತೆರೆದರು. ಮುಂಬಯಿಯಲ್ಲಿ ನಾಯರ್ ಆಸ್ಪತ್ರೆಯ ದಂತವೈದ್ಯ ಕಾಲೇಜು ಶುರುವಾದದ್ದು 1933ರಲ್ಲಿ. ನಮ್ಮ ಕರ್ನಾಟಕ ಸಂಘ ಹುಟ್ಟಿದ್ದೂ ಅದೇ ವರ್ಷ. ಆ ಆಸ್ಪತ್ರೆಯ ಹೆಸರಿನ ‘ಬಿ.ವೈ.ಎಲ್.’ ಎಂದರೆ ಬಾಯಿ ಯಮುನಾಬಾಯಿ ಲಕ್ಷ್ಮಣ್, ದಾನಿ ಡಾ. ಎ. ಎಲ್. ನಾಯರ್ ಅವರ ತಾಯಿ. ಮುಂಬಯಿ ಸೆಂಟ್ರಲ್ ಹತ್ತಿರದ ಈ ಕಾಲೇಜು ಮತ್ತು ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದ ಸರಕಾರಿ ದಂತವೈದ್ಯ ಕಾಲೇಜು, ಇವೆರಡೂ ಸಾಮಾನ್ಯ ಜನರ ಆಸರೆ. ಅಳತೆ, ಕಚ್ಚು, ಮೇಣದ ಮಾದರಿ, ಕೊನೆಗೆ ಸೆಟ್ಟು ಎಂದು ಹಲವು ಸಲ ಹೋಗಬೇಕಾಗುತ್ತದೆ ನಿಜ. ಆದರೆ ಸೆಟ್ಟು ಕೈಗೆ ಕೊಡುವ ದಿನ ಅದನ್ನು ತೊಳೆಯುವ ಕ್ರಮವನ್ನೂ ಹೇಳಿಕೊಡುವುದು ಅಲ್ಲಿನ ಪಾಠದ ಭಾಗ.

ಎಲ್ಲರೂ ಆಸ್ಪತ್ರೆಗೆ ಹೋಗುತ್ತಿರಲಿಲ್ಲ. ಮುಂಬಯಿಯಲ್ಲಿ ಚೀನೀ ದಂತವೈದ್ಯರ ಬೋರ್ಡುಗಳು ಒಂದು ಕಾಲದಲ್ಲಿ ಪರಿಚಿತ ನೋಟ. ತಂದೆಯಿಂದ ಮಗ ಕಲಿತ ಕೈಕಸುಬು ಅವರದು. 1962ರ ಯುದ್ಧದ ಮೇಲೆ ಅವರಲ್ಲಿ ಅನೇಕರು ಈ ನಗರ ಬಿಟ್ಟರು. ಫುಟ್‌ಪಾತಿನಲ್ಲಿ ಬಟ್ಟೆ ಹಾಸಿ ಹಲ್ಲು ಜೋಡಿಸಿಟ್ಟುಕೊಂಡು ಕೂರುವವರೂ ಇದ್ದರು. 1948ರ ದಂತವೈದ್ಯ ಕಾಯಿದೆ ಪದವಿ ಇದ್ದವರನ್ನು ‘ಎ’ ಪಟ್ಟಿಯಲ್ಲೂ, ಪದವಿ ಇಲ್ಲದಿದ್ದರೂ ಐದು ವರ್ಷಗಳಿಂದ ಅದನ್ನೇ ಜೀವನೋಪಾಯ ಮಾಡಿಕೊಂಡಿದ್ದವರನ್ನು ‘ಬಿ’ ಪಟ್ಟಿಯಲ್ಲೂ ನೋಂದಾಯಿಸಿಕೊಂಡಿತು. ಹೊಸದಾಗಿ ಪದವಿಯಿಲ್ಲದೆ ಈ ಕೆಲಸಕ್ಕೆ ಇಳಿಯುವುದು ನಿಷಿದ್ಧವಾಯಿತು.

ರಸ್ತೆಬದಿಯ ಹಲ್ಲಿನಲ್ಲಿ ಒಂದು ದೊಡ್ಡ ಅಪಾಯವಿತ್ತು. ತಾನೇ ಗಟ್ಟಿಯಾಗುವ ಆಕ್ರಿಲಿಕ್ಕನ್ನು ನೇರ ಬಾಯಿಯೊಳಗೇ ಮೆತ್ತಿ, ಪಕ್ಕದ ಒಳ್ಳೆಯ ಹಲ್ಲಿಗೆ ತಂತಿ ಸುತ್ತಿ ಬಿಗಿದು ಕಳಿಸುತ್ತಿದ್ದರು. ‘ತೆಗೆಯುವ ರಗಳೆಯೇ ಇಲ್ಲ’ ಎಂಬುದೇ ಅದರ ಹೆಗ್ಗಳಿಕೆ. ಆದರೆ ತೆಗೆಯಲಾಗದ್ದನ್ನು ತೊಳೆಯುವುದೆಂತು? ಅಡಿಯಲ್ಲಿ ಅನ್ನದ ಅಗುಳು ಕೊಳೆತು, ಆಸರೆಗಿದ್ದ ಒಳ್ಳೆಯ ಹಲ್ಲುಗಳೂ ಹಾಳಾಗುತ್ತಿದ್ದವು.

ನಂಜನಗೂಡಿನ ಪುಡಿ, ಊರಿನ ಉಮಿಕರಿ

ಇಲ್ಲಿಗೆ ನಮ್ಮವರ ವಿಷಯಕ್ಕೆ ಬರೋಣ. ಹಲ್ಲುಜ್ಜುವುದರಲ್ಲಿ ಕನ್ನಡಿಗರು ಹಿಂದೆ ಬಿದ್ದವರಲ್ಲ. ದಿನಕ್ಕೆ ಎರಡು ಹೊತ್ತು ಹಲ್ಲುಜ್ಜಬೇಕು, ನಾಲಿಗೆ ಹೆರೆಯಬೇಕು ಎಂದು ಚರಕಸಂಹಿತೆಯೇ ಹೇಳಿದೆ. ಕರಾವಳಿಯಲ್ಲಿ ಮಾವಿನೆಲೆ, ಉಮಿಕರಿ, ಉಪ್ಪು. ಬಯಲುಸೀಮೆಯಲ್ಲಿ ಬೇವಿನ ಕಡ್ಡಿ, ಇದ್ದಿಲ ಪುಡಿ. 1913ರಲ್ಲಿ ಬಿ. ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ತೆರೆದರು. ಅಲ್ಲಿಂದ ಬಂದ ನಂಜನಗೂಡು ಹಲ್ಲುಪುಡಿ ಮನೆಮನೆಯ ಮಾತಾಯಿತು. ಮುಂಬಯಿಗೆ ಬಂದರೆ ಇಲ್ಲಿಯೂ ಮಂಕಿ ಬ್ರಾಂಡ್ ಕಪ್ಪು ಮಂಜನ, ವಿಕೋ ವಜ್ರದಂತಿ ಕಾದಿದ್ದವು. ಸ್ವಂತ ಹಲ್ಲಿಗೆ ಇವೆಲ್ಲ ಒಗ್ಗಿದ್ದವು.

ತೊಂದರೆ ಶುರುವಾಗುವುದು ಸೆಟ್ಟು ಬಂದ ಮೇಲೆ. ಐವತ್ತು ವರ್ಷ ಪುಡಿಯಲ್ಲಿ ಉಜ್ಜಿದ ಕೈ ಸೆಟ್ಟನ್ನೂ ಪುಡಿಯಲ್ಲೇ ಉಜ್ಜುತ್ತದೆ. ನಮ್ಮ ಹಲ್ಲಿನ ಹೊರಪದರ ದೇಹದಲ್ಲೇ ಅತಿ ಗಟ್ಟಿಯಾದ ವಸ್ತು. ಆಕ್ರಿಲಿಕ್ ಅದರ ಮುಂದೆ ಬಹಳ ಮೆದು. ಪುಡಿಯ ಕಣಗಳು ಅದರ ಮೇಲೆ ಕಣ್ಣಿಗೆ ಕಾಣದ ಗೀರು ಎಳೆಯುತ್ತವೆ. ಮೊದಲ ತಿಂಗಳು ಫಳಫಳ. ಆಮೇಲೆ ಹೊಳಪು ಹೋಗುತ್ತದೆ, ಗೀರುಗಳಲ್ಲಿ ಚಹಾ ಮತ್ತು ಎಲೆಯಡಿಕೆಯ ಕಲೆ ಕೂರುತ್ತದೆ. ಕಲೆ ಹೋಗಲೆಂದು ಇನ್ನೂ ಜೋರಾಗಿ ಉಜ್ಜುತ್ತಾರೆ, ಗೀರು ಇನ್ನೂ ಹೆಚ್ಚುತ್ತದೆ. ಆ ಗೀರುಗಳಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರ ಮನೆ ಮಾಡುತ್ತದೆ. ಸೆಟ್ಟಿನ ಅಡಿ ಅಂಗಳು ಕೆಂಪಾಗುವುದು, ಉರಿ, ಬಾಯಿಯ ಮೂಲೆ ಒಡೆಯುವುದು ಇದರಿಂದಲೇ ಆಗಬಹುದು. ಸಾಧಾರಣ ಟೂತ್‌ಪೇಸ್ಟಿಗೂ ಇದೇ ಮಾತು ಅನ್ವಯಿಸುತ್ತದೆ.

ಇನ್ನೊಂದು ರೂಢಿ ಕುದಿಯುವ ನೀರಿನದು. ಕುದಿಸಿದರೆ ಕ್ರಿಮಿ ಸಾಯುತ್ತದೆ ಎಂಬುದು ಸರಿ, ಆದರೆ ಸೆಟ್ಟೂ ಸೊಟ್ಟಗಾಗುತ್ತದೆ. ಒಮ್ಮೆ ಸೊಟ್ಟಗಾದದ್ದು ಮತ್ತೆ ಬಾಯಿಗೆ ಕೂರುವುದಿಲ್ಲ.

ಹಾಗಾದರೆ ದಿನದ ಕ್ರಮ ಯಾವುದು?

ಹೆಚ್ಚೇನೂ ಇಲ್ಲ ಬಂಧುಗಳೇ. ಗ್ರೀನ್‌ವುಡ್ಡನ ಪತ್ರಕ್ಕೆ ಇಂದಿನ ತಿಳಿವಳಿಕೆ ಸೇರಿಸಿದರೆ ಆಯಿತು.

ಪ್ರತಿ ಊಟ ತಿಂಡಿಯ ನಂತರ ಸೆಟ್ಟನ್ನು ತೆಗೆದು ನೀರಿನಲ್ಲಿ ತೊಳೆಯಿರಿ, ಬಾಯಿಯನ್ನೂ ಮುಕ್ಕಳಿಸಿ.

ದಿನಕ್ಕೊಮ್ಮೆಯಾದರೂ ಮೆದು ಬ್ರಷ್ಷು, ಸೌಮ್ಯ ಸೋಪು ಮತ್ತು ತಣ್ಣೀರಿನಿಂದ ಒಳಗೂ ಹೊರಗೂ ಉಜ್ಜಿ. ವಸಡಿಗೆ ತಾಗುವ ಒಳಭಾಗವನ್ನೇ ಹೆಚ್ಚಿನವರು ಮರೆಯುವುದು. ಉಜ್ಜುವಾಗ ಬೇಸಿನ್ನಿನಲ್ಲಿ ಒಂದಿಷ್ಟು ನೀರು ನಿಲ್ಲಿಸಿ, ಇಲ್ಲವೇ ಟವೆಲು ಹಾಸಿ. ಜಾರಿ ಬಿದ್ದರೂ ಒಡೆಯುವುದಿಲ್ಲ.

ಮೆಡಿಕಲ್ ಅಂಗಡಿಯಲ್ಲಿ ಸಿಗುವ ನೊರೆಗುಳಿಗೆಯನ್ನು ನೀರಿಗೆ ಹಾಕಿ ಸೆಟ್ಟು ನೆನೆಸಿಡುವುದು ಒಳ್ಳೆಯದೇ. ಆದರೆ ಗುಳಿಗೆ ಬ್ರಷ್ಷಿಗೆ ಬದಲಿಯಲ್ಲ. ಎಷ್ಟು ಹೊತ್ತು ಇಡಬೇಕೆಂದು ಪೊಟ್ಟಣದ ಮೇಲೆ ಓದಿ. ಬಾಯಿಗೆ ಹಾಕುವ ಮುಂಚೆ ಚೆನ್ನಾಗಿ ತೊಳೆಯಿರಿ. ಆ ನೀರಿನಿಂದ ಬಾಯಿ ಮುಕ್ಕಳಿಸಬಾರದು, ಗುಳಿಗೆಯನ್ನು ನುಂಗಲೇಬಾರದು. ಇಂಥ ಗುಳಿಗೆಗಳಿಂದ ಕೆಲವರಿಗೆ ತೀವ್ರ ಅಲರ್ಜಿಯಾದದ್ದರಿಂದ 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಕೊಟ್ಟಿತ್ತು. ಕಣ್ಣು ಮಂಜಾದ, ಮರೆವು ಬಂದ ಹಿರಿಯರಿರುವ ಮನೆಯಲ್ಲಿ ಆ ಡಬ್ಬಿಯನ್ನು ಬೇರೆ ಇಡಿ. ಲೋಹದ ಕೊಂಡಿ ಇರುವ ಅರ್ಧ ಸೆಟ್ಟಿಗೆ ಬ್ಲೀಚ್ ಬೇಡ, ಲೋಹ ತುಕ್ಕು ಹಿಡಿಯುತ್ತದೆ.

ಹಲ್ಲಿಲ್ಲವೆಂದು ಬಾಯಿಯನ್ನು ಬಿಡಬೇಡಿ. ವಸಡು, ಅಂಗಳು, ನಾಲಿಗೆಗಳನ್ನು ಒದ್ದೆ ಬಟ್ಟೆಯಿಂದಲೋ ಮೆದು ಬ್ರಷ್ಷಿನಿಂದಲೋ ದಿನಾ ಒರೆಸಿ.

ರಾತ್ರಿ ಮಲಗುವಾಗ ಸೆಟ್ಟು ತೆಗೆಯಿರಿ. ಒಣಗಿದರೆ ಆಕಾರ ಕೆಡುವ ಕಾರಣ ಮುಚ್ಚಳವಿರುವ ಡಬ್ಬಿಯಲ್ಲಿ ನೀರು ಹಾಕಿ ಇಡಿ. ದಿನಾ ನೀರು ಬದಲಿಸಿ, ಡಬ್ಬಿಯನ್ನೂ ತೊಳೆಯಿರಿ.

ವರ್ಷಗಳು ಕಳೆದಂತೆ ದವಡೆಯ ಮೂಳೆ ಸವೆದು ಸೆಟ್ಟು ಸಡಿಲವಾಗುತ್ತದೆ. ಆಗ ಮನೆಯಲ್ಲಿ ಅರ ಹಿಡಿದು ಉಜ್ಜುವುದು, ದಿಢೀರ್ ಅಂಟು ಹಚ್ಚುವುದು ಬೇಡ. ವರ್ಷಕ್ಕೊಮ್ಮೆ ವೈದ್ಯರಿಗೆ ತೋರಿಸಿ. ಆಪರೇಷನ್ ಇದ್ದರೆ ಸೆಟ್ಟಿನ ವಿಷಯವನ್ನು ಮೊದಲೇ ಹೇಳಿ. ಇಂಗ್ಲೆಂಡಿನಲ್ಲಿ 72 ವರ್ಷದ ಒಬ್ಬರಿಗೆ ಆಪರೇಷನ್ ವೇಳೆ ಸೆಟ್ಟು ಗಂಟಲಿಗೆ ಸಿಕ್ಕಿಕೊಂಡು, ಎಂಟು ದಿನ ಯಾರಿಗೂ ಗೊತ್ತಾಗದೆ ಉಳಿದದ್ದು 2019ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ.

ರಾತ್ರಿಯ ಲೋಟ

ಇಷ್ಟೆಲ್ಲ ಗೊತ್ತಿದ್ದರೂ ರಾತ್ರಿ ಸೆಟ್ಟು ತೆಗೆಯದ ಹಿರಿಯರು ನಮ್ಮಲ್ಲಿ ಬಹಳ. ಕಾರಣ ಅಜ್ಞಾನವಲ್ಲ, ಸಂಕೋಚ. ಹದಿನೈದರ ವಯಸ್ಸಿನಲ್ಲಿ ಊರು ಬಿಟ್ಟು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಮನೆ ಮಾಡಿದವರು ಇವರು. 1960ರ ಹೊತ್ತಿಗೆ ಬಂದವರಿಗೆ ಈಗ ಎಂಬತ್ತು. ಡೊಂಬಿವಲಿಯಲ್ಲೋ ಬೊರಿವಲಿಯಲ್ಲೋ ಎರಡು ಕೋಣೆಯ ಮನೆ. ಹಾಲಿನಲ್ಲಿ ಮೊಮ್ಮಕ್ಕಳ ಜೊತೆ ಮಲಗಬೇಕು. ಬೊಚ್ಚುಬಾಯಿ ಸೊಸೆಗೆ ಕಾಣಬಾರದು, ಹಲ್ಲು ತೇಲುವ ಲೋಟ ಮೊಮ್ಮಗನಿಗೆ ಕಾಣಬಾರದು. ಆದ್ದರಿಂದ ಸೆಟ್ಟು ಬಾಯಿಯಲ್ಲೇ ಉಳಿಯುತ್ತದೆ. ಇಲ್ಲವೇ ಕರವಸ್ತ್ರದಲ್ಲಿ ಸುತ್ತಿ ದಿಂಬಿನಡಿಗೆ ಹೋಗುತ್ತದೆ, ಒಣಗುತ್ತದೆ, ಒಮ್ಮೊಮ್ಮೆ ಒಡೆಯುತ್ತದೆ.

ಈ ಸಂಕೋಚದ ಬೆಲೆ ಸಣ್ಣದಲ್ಲ. ಜಪಾನಿನಲ್ಲಿ 85 ದಾಟಿದ 524 ಮಂದಿಯನ್ನು ಗಮನಿಸಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ರಾತ್ರಿಯೂ ಸೆಟ್ಟು ಹಾಕಿಕೊಂಡೇ ಮಲಗುವವರಲ್ಲಿ ನ್ಯುಮೋನಿಯಾದ ಸಾಧ್ಯತೆ ಎರಡು ಪಟ್ಟಿಗಿಂತ ಹೆಚ್ಚು ಕಂಡುಬಂತು. ಸೆಟ್ಟಿನ ಮೇಲೆ ಬೆಳೆದ ಕ್ರಿಮಿಗಳು ನಿದ್ದೆಯಲ್ಲಿ ಜೊಲ್ಲಿನೊಂದಿಗೆ ಶ್ವಾಸಕೋಶಕ್ಕೆ ಇಳಿಯಬಹುದು. ಎಂಬತ್ತರ ಜೀವಕ್ಕೆ ನ್ಯುಮೋನಿಯಾ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹಿಂದೆ ಊರಿನ ಮನೆಗಳಲ್ಲಿ ಹಲ್ಲು ಹೋದ ಅಜ್ಜಿಗೆ ಒಂದು ಕುಟ್ಟಾಣಿ ಇರುತ್ತಿತ್ತು. ಎಲೆಯಡಿಕೆ ಕುಟ್ಟಿ ಕೊಡುವ ಕೆಲಸಕ್ಕೆ ಮೊಮ್ಮಕ್ಕಳಲ್ಲಿ ಪೈಪೋಟಿ. ಬೊಚ್ಚುಬಾಯಿ ಆಗ ನಾಚಿಕೆಯ ವಿಷಯವಾಗಿರಲಿಲ್ಲ. ಈ ದೇಶದ ಅತಿ ಪ್ರಸಿದ್ಧ ನಗು ಯಾರದು ಹೇಳಿ? ಗಾಂಧೀಜಿಯವರದು. ಊಟಕ್ಕೆ ಮಾತ್ರ ಸೆಟ್ಟು ಹಾಕಿಕೊಂಡು, ಆಮೇಲೆ ತೆಗೆದಿಟ್ಟು, ಬೊಚ್ಚುಬಾಯಿಯಲ್ಲೇ ಅವರು ಜಗತ್ತಿಗೆಲ್ಲ ನಕ್ಕರು.

ಆದ್ದರಿಂದ ಈ ಲೇಖನ ಹಿರಿಯರಿಗಿಂತ ಹೆಚ್ಚಾಗಿ ಮನೆಯ ಕಿರಿಯರಿಗೆ. ಅಪ್ಪನಿಗೋ ಅತ್ತೆಗೋ ಮುಚ್ಚಳವಿರುವ ಒಂದು ಡಬ್ಬಿ, ಒಂದು ಮೆದು ಬ್ರಷ್ಷು ತಂದುಕೊಡಿ. ಬಾತ್‌ರೂಮಿನಲ್ಲಿ ಎಲ್ಲರ ಬ್ರಷ್ಷಿನ ಪಕ್ಕದಲ್ಲೇ ಅದಕ್ಕೂ ಒಂದು ಜಾಗ ಮಾಡಿ. ಕೈ ನಡುಗುವವರಿದ್ದರೆ ನೀವೇ ತೊಳೆದುಕೊಡಿ. ಮಗುವಿನ ಹಾಲಿನ ಬಾಟಲಿ ತೊಳೆಯಲು ನಮಗೆ ಹೇಸಿಗೆಯಿಲ್ಲವಲ್ಲ!

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ನಮ್ಮ ಹೋಟೆಲು ಪೀಳಿಗೆಗೆ ಚೆನ್ನಾಗಿ ಒಪ್ಪುತ್ತದೆ. ಹಲ್ಲು ಗಟ್ಟಿಯಿದ್ದಾಗ ಇನ್ನೊಬ್ಬರಿಗೆ ಬಡಿಸಿದವರು ಅವರು. ಈಗ ಕಡಲೆಯೂ ಇದೆ, ಕಟ್ಟಿಸಿದ ಹಲ್ಲೂ ಇದೆ. ದಿನಕ್ಕೆ ಐದು ನಿಮಿಷದ ನೀರು, ಬ್ರಷ್ಷು, ಮನೆಯವರ ಒಂದಿಷ್ಟು ಸಹನೆ ಸೇರಿದರೆ ಅವರ ಊಟವೂ ಸುಖ, ಮಾತೂ ಸ್ಪಷ್ಟ, ರಾತ್ರಿಯ ಉಸಿರೂ ಸಲೀಸು.

ಮತ್ತೆ ಭೇಟಿಯಾಗೋಣ. ಕೇಳುತ್ತಿರಿ, ನಗುತ್ತಿರಿ.